ಒಂದರಿಂದ ಮೂರನೇ ತರಗತಿಯ ಮಕ್ಕಳು ‘ನನಗಿದು ಬರುವುದಿಲ್ಲ’ ಎಂದಾಗ ಶಿಕ್ಷಕರು ಏನು ಮಾಡಬೇಕು?

ಶರಾವತಿ ತೀರದ ಶಿಕ್ಷಕಿ, ಹೊನ್ನಾವರ
ಎಲ್ಲರಿಗೂ ನಮಸ್ಕಾರ. ನಾನು ಸರಕಾರಿ ಕಿರಿಯ ಪ್ರಾಥಮಿಕ ಶಾಲೆಯೊಂದರಲ್ಲಿ ನಲಿ-ಕಲಿ ತರಗತಿಗಳನ್ನು, ಅಂದರೆ ಒಂದರಿಂದ ಮೂರನೇ ತರಗತಿಯ ಮಕ್ಕಳು ಒಟ್ಟಿಗೆ ಕುಳಿತು ಕಾರ್ಡುಗಳ ಮೂಲಕ ಕಲಿಯುವ ತರಗತಿಗಳನ್ನು ನೋಡಿಕೊಳ್ಳುತ್ತೇನೆ. ಏಳು ವರ್ಷ ತುಂಬುವ ಮೊದಲೇ ಕೆಲವು ಮಕ್ಕಳು ‘ಅಕ್ಕೋರೇ, ನಮ್ಮ ಮನೆಯಲ್ಲಿ ಯಾರಿಗೂ ಲೆಕ್ಕ ಬರುವುದಿಲ್ಲ, ನನಗೂ ಬರುವುದಿಲ್ಲ’ ಎಂದು ತೀರ್ಪು ಹೇಳಿದಂತೆ ಹೇಳಿ ಕೈಕಟ್ಟಿ ಕುಳಿತುಬಿಡುತ್ತಾರೆ. ಇನ್ನೊಂದು ಕಡೆ, ಊರೆಲ್ಲ ಜಾಣೆ ಎಂದು ಹೊಗಳುವ ಹುಡುಗಿಯೊಬ್ಬಳು ಗೊತ್ತಿರುವ ಕಾರ್ಡನ್ನೇ ಮತ್ತೆ ಮತ್ತೆ ತೆಗೆದುಕೊಳ್ಳುತ್ತಾಳೆ. ಕಲಿಕಾ ಏಣಿಯಲ್ಲಿ, ಅಂದರೆ ಕಾರ್ಡುಗಳ ಕ್ರಮ ತೋರಿಸುವ ಪಟ್ಟಿಯಲ್ಲಿ, ಅದರ ಮುಂದಿನ ಕಾರ್ಡನ್ನು ಕೈಗಿತ್ತರೆ ಹೊಟ್ಟೆನೋವು ಎನ್ನುತ್ತಾಳೆ.

ತರಬೇತಿಯೊಂದರಲ್ಲಿ ‘ಬೆಳವಣಿಗೆಯ ಮನೋಭಾವ’ದ, ಅಂದರೆ ಬುದ್ಧಿ ಹುಟ್ಟಿನಿಂದ ನಿಗದಿಯಾದದ್ದಲ್ಲ, ಕಲಿಯುತ್ತ ಬೆಳೆಯುತ್ತದೆ ಎಂಬ ನಂಬಿಕೆಯ ಬಗ್ಗೆ ಹೇಳಿದರು, ಗೋಡೆಗೆ ಅಂಟಿಸಲು ಬರಹಗಳನ್ನೂ ಕೊಟ್ಟರು. ಆದರೆ ಇನ್ನೂ ಕಾಗುಣಿತ ಕೂಡಿಸಿ ಓದುತ್ತಿರುವ ಮಕ್ಕಳಿಗೆ ಗೋಡೆಬರಹದಿಂದ ಏನು ಪ್ರಯೋಜನ? ಇಷ್ಟು ಚಿಕ್ಕವರಿಗೆ ಇದನ್ನು ಕಲಿಸಲು ಸಾಧ್ಯವೇ, ಸಾಧ್ಯವಾದರೆ ತರಗತಿಯಲ್ಲಿ ಅದು ಹೇಗಿರುತ್ತದೆ ಎಂಬುದನ್ನು ಮಾಡಿ ನೋಡಿದವರು ದಯವಿಟ್ಟು ತಿಳಿಸಬೇಕು.

ನಿವೃತ್ತ ಮುಖ್ಯಾಧ್ಯಾಪಕ, ಕಾರವಾರ
ಅಕ್ಕೋರೇ, ನಿಮ್ಮ ಜಾಣೆ ಹುಡುಗಿಯ ಕಥೆಗೂ ಈ ವಿಚಾರದ ಮೂಲಕ್ಕೂ ನೇರ ಸಂಬಂಧವಿದೆ. ಅಮೆರಿಕದ ಮನಃಶಾಸ್ತ್ರಜ್ಞೆ ಕ್ಯಾರಲ್ ಡ್ವೆಕ್ ಮತ್ತು ಕ್ಲಾಡಿಯಾ ಮುಲ್ಲರ್ 1998ರಲ್ಲಿ ಐದನೇ ತರಗತಿಯ ಮಕ್ಕಳ ಮೇಲೆ ನಡೆಸಿದ ಪ್ರಯೋಗಗಳನ್ನು ಪ್ರಕಟಿಸಿದರು. ಮೊದಲು ಎಲ್ಲರಿಗೂ ಮಾಡಲು ಸಾಧ್ಯವಿರುವಂಥ ಆಕೃತಿಗಳ ಒಗಟುಗಳನ್ನು ಕೊಟ್ಟು, ಕೆಲವರಿಗೆ ‘ನೀನು ಬುದ್ಧಿವಂತ’ ಎಂದೂ ಕೆಲವರಿಗೆ ‘ನೀನು ಚೆನ್ನಾಗಿ ಶ್ರಮಪಟ್ಟಿದ್ದೀಯೆ’ ಎಂದೂ ಹೊಗಳಿದರು. ಮುಂದೆ ಯಾವ ಬಗೆಯ ಕೆಲಸ ಬೇಕೆಂದು ಕೇಳಿದಾಗ ಬುದ್ಧಿಯ ಹೊಗಳಿಕೆ ಪಡೆದವರಲ್ಲಿ ಹೆಚ್ಚಿನವರು ತಮ್ಮ ಜಾಣತನ ಉಳಿಯುವಂಥ ಕೆಲಸವನ್ನು ಆರಿಸಿಕೊಂಡರು, ಶ್ರಮದ ಹೊಗಳಿಕೆ ಪಡೆದವರಲ್ಲಿ ಬಹುಪಾಲು ಮಕ್ಕಳು ಹೊಸದನ್ನು ಕಲಿಸುವ ಕೆಲಸವನ್ನು ಆರಿಸಿಕೊಂಡರು. ಆಮೇಲೆ ಬಹಳ ಕಠಿಣವಾದ ಒಗಟುಗಳನ್ನು ಕೊಟ್ಟು ಎಲ್ಲರನ್ನೂ ಎಡವುವಂತೆ ಮಾಡಿ, ಮತ್ತೆ ಮೊದಲಿನಷ್ಟೇ ಸುಲಭವಾದವನ್ನು ಕೊಟ್ಟರು. ‘ಬುದ್ಧಿವಂತ’ರ ಅಂಕ ಮೊದಲಿಗಿಂತ ಇಳಿಯಿತು, ಇನ್ನೊಂದು ಗುಂಪಿನದು ಏರಿತು.

ನನ್ನ ಮನಸ್ಸನ್ನು ಬಹಳ ಕಲಕಿದ್ದು ಇನ್ನೊಂದು ಸಂಗತಿ. ಬೇರೆ ಶಾಲೆಯ ಅಪರಿಚಿತ ಮಗುವಿಗೆ ತಮ್ಮ ಅಂಕವನ್ನು ಬರೆದು ತಿಳಿಸಲು ಹೇಳಿದಾಗ, ಬುದ್ಧಿಗಾಗಿ ಹೊಗಳಿಸಿಕೊಂಡವರಲ್ಲಿ ಹೆಚ್ಚುಕಡಿಮೆ ಶೇಕಡ 40ರಷ್ಟು ಮಕ್ಕಳು ಅಂಕವನ್ನು ಏರಿಸಿ ಬರೆದರು. ಕೆಟ್ಟ ಮಕ್ಕಳು ಎಂದು ಅವರನ್ನು ದೂರುವಂತಿಲ್ಲ, ಅಂಥ ಸ್ಥಿತಿಗೆ ಅವರನ್ನು ತಂದು ನಿಲ್ಲಿಸಿದ್ದು ದೊಡ್ಡವರ ಒಂದೇ ಒಂದು ವಾಕ್ಯ.

ತಾಯಿ, ಶಿರಸಿ
ಅವರು ಐದನೇ ತರಗತಿಯವರು, ಅಂದರೆ ಹತ್ತು ವರ್ಷ ದಾಟಿದವರು. ಆರು ವರ್ಷದ ಮಗುವಿಗೂ ಇದೇ ಅನ್ವಯಿಸುತ್ತದೆ ಎಂದು ಹೇಗೆ ಹೇಳುತ್ತೀರಿ?

ಮನಃಶಾಸ್ತ್ರ ಉಪನ್ಯಾಸಕಿ, ಶಿರಸಿ
ಇದು ಸರಿಯಾದ ಪ್ರಶ್ನೆ, ಇದಕ್ಕೆ ಉತ್ತರವೂ ಇದೆ. 1999ರಲ್ಲಿ ಮೆಲಿಸ್ಸಾ ಕಾಮಿನ್ಸ್ ಮತ್ತು ಡ್ವೆಕ್ ಶಿಶುವಿಹಾರದ ಐದಾರು ವರ್ಷದ ಮಕ್ಕಳೊಂದಿಗೆ ಗೊಂಬೆಗಳ ಮೂಲಕ ಆಟ ಕಟ್ಟಿ ಇದನ್ನೇ ಪರೀಕ್ಷಿಸಿದರು. ಗೊಂಬೆ-ಮಗು ಒಂದು ಕೆಲಸ ಮಾಡುತ್ತದೆ, ಗೊಂಬೆ-ಶಿಕ್ಷಕಿ ‘ನೀನು ಒಳ್ಳೆಯ ಹುಡುಗಿ’ ಎನ್ನುತ್ತಾಳೆ, ಅಥವಾ ‘ನೀನು ಇದನ್ನು ಒಳ್ಳೆಯ ರೀತಿಯಲ್ಲಿ ಮಾಡಿದೆ’ ಎನ್ನುತ್ತಾಳೆ. ಬಳಿಕ ಆಟದಲ್ಲಿ ತಪ್ಪೊಂದು ನಡೆದಾಗ, ವ್ಯಕ್ತಿಯನ್ನು ಹೊಗಳಿದ ಮಾತು ಕೇಳಿದ್ದ ಮಕ್ಕಳು ಬೇಗ ಕುಗ್ಗಿದರು ಮತ್ತು ಮುಂದುವರಿಯುವ ಉತ್ಸಾಹವನ್ನು ಹೆಚ್ಚು ಕಳೆದುಕೊಂಡರು. ಇದರಲ್ಲಿ ಗಮನಿಸಬೇಕಾದದ್ದೇನೆಂದರೆ, ವ್ಯಕ್ತಿಯನ್ನು ಬೈಯುವುದು ಮಾತ್ರವಲ್ಲದೆ ವ್ಯಕ್ತಿಯನ್ನು ಹೊಗಳುವುದೂ ಅದೇ ದಿಕ್ಕಿನಲ್ಲಿ ಕೆಲಸ ಮಾಡುತ್ತದೆ.

ಮನೆಯ ಮಾತಿನ ಬಗ್ಗೆಯೂ ಅಧ್ಯಯನವಿದೆ. ಎಲಿಜಬೆತ್ ಗುಂಡರ್ಸನ್ ಮತ್ತು ಸಂಗಡಿಗರು 53 ಮಕ್ಕಳ ಮನೆಗಳಲ್ಲಿ, ಮಗುವಿಗೆ 14, 26 ಮತ್ತು 38 ತಿಂಗಳಾದಾಗ, ತಂದೆತಾಯಿಗಳ ಸಹಜ ಮಾತನ್ನು ದಾಖಲಿಸಿಕೊಂಡರು. ಹೊಗಳಿಕೆಯಲ್ಲಿ ‘ಮಾಡಿದ ಬಗೆ’ಯ ಪಾಲು ಹೆಚ್ಚಿದ್ದ ಮನೆಗಳ ಮಕ್ಕಳು ಏಳೆಂಟು ವರ್ಷದವರಾದಾಗ ಸವಾಲಿನ ಕೆಲಸವನ್ನು ಹೆಚ್ಚು ಬಯಸಿದರು ಎಂದು 2013ರಲ್ಲಿ ಪ್ರಕಟಿಸಿದರು. ಇದು ಸಂಬಂಧವನ್ನು ತೋರಿಸುವ ಅಧ್ಯಯನವೇ ಹೊರತು ಕಾರಣವನ್ನು ಸಾಬೀತುಪಡಿಸುವ ಪ್ರಯೋಗವಲ್ಲ, ಅದನ್ನು ಮರೆಯಬಾರದು.

ಇನ್ನೊಂದು ಮಾತು. ಆರೇಳು ವರ್ಷದ ಮಕ್ಕಳ ಮನಸ್ಸಿನಲ್ಲಿ ಪ್ರಯತ್ನ ಮತ್ತು ಸಾಮರ್ಥ್ಯ ಇನ್ನೂ ಸ್ಪಷ್ಟವಾಗಿ ಬೇರ್ಪಟ್ಟಿರುವುದಿಲ್ಲ. ಹೆಚ್ಚು ಕೆಲಸ ಮಾಡಿದವನೇ ಹೆಚ್ಚು ಜಾಣ ಎಂದು ಅವರು ಸಹಜವಾಗಿಯೇ ಭಾವಿಸುತ್ತಾರೆ. ಹಾಗಿರುವಾಗ ‘ನನಗೆ ಲೆಕ್ಕ ಬರುವುದಿಲ್ಲ’ ಎಂಬ ಮಾತು ಮಗುವಿನಲ್ಲಿ ತಾನಾಗಿ ಹುಟ್ಟುವುದು ಅಪರೂಪ, ಹೆಚ್ಚಾಗಿ ಅದು ದೊಡ್ಡವರಿಂದ ಕೇಳಿ ಕಲಿತದ್ದು.

ಗಣಿತ ಮಾಸ್ತರ, ಕುಮಟಾ
ನನಗೆ ಭಿನ್ನಾಭಿಪ್ರಾಯವಿದೆ, ಅದನ್ನು ಸ್ಪಷ್ಟವಾಗಿ ಹೇಳುತ್ತೇನೆ. ಹಳೆಯ ಪ್ರಯೋಗಗಳನ್ನು ಹೇಳುವವರು ನಂತರದ ದೊಡ್ಡ ಅಧ್ಯಯನಗಳನ್ನೂ ಹೇಳಬೇಕು. ಇಂಗ್ಲೆಂಡಿನಲ್ಲಿ 101 ಶಾಲೆಗಳ 5,000ಕ್ಕೂ ಹೆಚ್ಚು ಮಕ್ಕಳ ಮೇಲೆ, ಹತ್ತು-ಹನ್ನೊಂದರ ವಯಸ್ಸಿನವರ ಮೇಲೆ, ಶಿಕ್ಷಕರಿಗೆ ತರಬೇತಿ ಕೊಟ್ಟು ಈ ಪಾಠವನ್ನು ಪ್ರಯೋಗಿಸಿದರು. 2019ರಲ್ಲಿ ಬಂದ ವರದಿಯ ಪ್ರಕಾರ ಓದಿನಲ್ಲಾಗಲಿ ಗಣಿತದಲ್ಲಾಗಲಿ ಆ ಮಕ್ಕಳು ಉಳಿದವರಿಗಿಂತ ಮುಂದೆ ಹೋಗಲಿಲ್ಲ. ಅದಕ್ಕೂ ಮೊದಲು, 2018ರಲ್ಲಿ, ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ಸಂಶೋಧಕರು ಪರಿಣಾಮ ಬಹಳ ಸಣ್ಣದು ಎಂದಿದ್ದರು. ಹೀಗಿರುವಾಗ ಮತ್ತೊಂದು ತರಬೇತಿ, ಮತ್ತೊಂದು ಗೋಡೆಬರಹ ಏತಕ್ಕೆ? ಶಾಲೆಗೆ ಶಿಕ್ಷಕರು ಸಾಲದಿರುವುದನ್ನು ಮಗುವಿನ ಮನೋಭಾವದ ಕೊರತೆ ಎಂದು ತಿರುಗಿಸುವ ಅಪಾಯ ಇದರಲ್ಲಿದೆ.

ಮನಃಶಾಸ್ತ್ರ ಉಪನ್ಯಾಸಕಿ, ಶಿರಸಿ
ಮಾಸ್ತರರು ಹೇಳಿದ ಎರಡೂ ಸಂಗತಿಗಳು ನಿಜ. ಆದರೆ ಅದೇ 2018ರ ಪರಿಶೀಲನೆಯಲ್ಲಿ ಬಡ ಕುಟುಂಬಗಳ ಮಕ್ಕಳಿಗೆ ಸ್ವಲ್ಪ ಹೆಚ್ಚು ಉಪಯೋಗವಾಗಬಹುದು ಎಂಬ ಸೂಚನೆಯೂ ಇತ್ತು. 2019ರಲ್ಲಿ ಅಮೆರಿಕದ ಸುಮಾರು 12,000 ಒಂಬತ್ತನೇ ತರಗತಿಯ ಮಕ್ಕಳ ಮೇಲೆ ನಡೆದ ಅಧ್ಯಯನ ಪ್ರಕಟವಾಯಿತು. ಒಂದು ಗಂಟೆಗೂ ಕಡಿಮೆ ಅವಧಿಯ ಪಾಠದಿಂದ, ಹಿಂದುಳಿದಿದ್ದ ಮಕ್ಕಳ ಸರಾಸರಿ ಅಂಕಶ್ರೇಣಿ, ಸುಮಾರು ನಾಲ್ಕರ ಅಳತೆಯಲ್ಲಿ, 0.1ರಷ್ಟು ಏರಿತು. ಏರಿಕೆ ಸಣ್ಣದು, ಆದರೆ ಇಲ್ಲವೇ ಇಲ್ಲ ಎನ್ನುವಂತಿಲ್ಲ. ಸಹಪಾಠಿಗಳೂ ಸವಾಲನ್ನು ಬಯಸುವ ವಾತಾವರಣವಿದ್ದ ಶಾಲೆಗಳಲ್ಲಿ ಅದು ಹೆಚ್ಚು ಫಲಿಸಿತು ಎಂಬುದು ನಮಗೆ ಮುಖ್ಯ.

ಗಣಿತ ಮಾಸ್ತರ, ಕುಮಟಾ
ಒಂಬತ್ತನೇ ತರಗತಿಯ ಫಲಿತಾಂಶವನ್ನು ಒಂದನೇ ತರಗತಿಗೆ ತಂದು ಕೂರಿಸುವುದನ್ನು ನಾನು ಈಗಲೂ ಒಪ್ಪುವುದಿಲ್ಲ.

ಕಾಳಿ ಕಣಿವೆಯ ಏಕೋಪಾಧ್ಯಾಯ, ಜೋಯಿಡಾ
ಸಂಶೋಧನೆಯ ಜಗಳವನ್ನು ಬಲ್ಲವರು ಮುಂದುವರಿಸಲಿ. ನನಗೆ ಕಾಡುವುದು ಬೇರೆ ವಿಷಯ. ನಮ್ಮ ಕಡೆ ಶಾಲೆಗೆ ಬರುವ ಮಗುವಿನ ಮನೆಮಾತು ಕೊಂಕಣಿ ಅಥವಾ ಮರಾಠಿ. ಒಂದನೇ ತರಗತಿಗೆ ಬಂದ ದಿನವೇ ಪುಸ್ತಕದ ಕನ್ನಡ ಎದುರಾಗುತ್ತದೆ. ‘ಬುಟ್ಟಿಯಲ್ಲಿ ಎಷ್ಟು ಹಣ್ಣುಗಳು ಉಳಿದವು’ ಎಂದು ಕೇಳಿದರೆ ಮಗು ಸುಮ್ಮನಿರುತ್ತದೆ. ಅದೇ ಪ್ರಶ್ನೆಯನ್ನು ಅದರ ಮಾತಿನಲ್ಲಿ ಕೇಳಿದರೆ ಬೆರಳು ಮಡಚಿ ತಟ್ಟನೆ ಹೇಳುತ್ತದೆ. ಅದಕ್ಕೆ ಲೆಕ್ಕ ಬರುತ್ತಿತ್ತು, ತಿಳಿಯದೇ ಹೋದದ್ದು ಪ್ರಶ್ನೆ. ಆದರೆ ಅಷ್ಟರೊಳಗೆ ಯಾರಾದರೂ ‘ಇವನು ಸ್ವಲ್ಪ ಮಂದ’ ಎಂದು ಆಡಿರುತ್ತಾರೆ, ಅದನ್ನು ಕೇಳಿಸಿಕೊಂಡ ಮಗು ಹಾಗೆಯೇ ನಂಬಿಬಿಡುತ್ತದೆ.

ಇಂಥ ಮಗುವಿಗೆ ‘ಇನ್ನಷ್ಟು ಪ್ರಯತ್ನಿಸು’ ಎಂದು ಹೇಳುವುದು ಕ್ರೂರ. ಅದು ಪ್ರಯತ್ನಿಸುತ್ತಲೇ ಇದೆ, ದಾರಿ ಕಾಣಿಸಬೇಕಾದವರು ನಾವು. ಆದ್ದರಿಂದ ಮೊದಲ ಕೆಲವು ತಿಂಗಳು ಲೆಕ್ಕವನ್ನು ಮಗುವಿನ ಮಾತಿನಲ್ಲೇ ಮಾಡಿಸಿ, ಕನ್ನಡದ ಪದಗಳನ್ನು ಪಕ್ಕದಲ್ಲಿ ಜೋಡಿಸುತ್ತ ಹೋಗುವುದನ್ನು ನಾನು ರೂಢಿ ಮಾಡಿಕೊಂಡಿದ್ದೇನೆ. ತನ್ನ ಮಾತಿನಲ್ಲಿ ಗೆದ್ದ ಮಗು ಕನ್ನಡದಲ್ಲಿ ಎಡವಿದರೂ ಎದೆಗುಂದುವುದಿಲ್ಲ, ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಅಂಗನವಾಡಿ ಕಾರ್ಯಕರ್ತೆ, ಭಟ್ಕಳ
ಇದು ಘಟ್ಟದ ಮೇಲಿನ ಮಾತು ಮಾತ್ರವಲ್ಲ, ಮಾಸ್ತರರೇ. ಇಲ್ಲಿ ನವಾಯತಿ ಮಾತಾಡುವ ಮನೆಗಳ ಮಕ್ಕಳಲ್ಲೂ ಇದನ್ನೇ ಕಾಣುತ್ತೇನೆ.

ಅಂಕೋಲೆಯವ
ಹಾಲಕ್ಕಿ ಒಕ್ಕಲಿಗರ ಕೇರಿಯ ಮಕ್ಕಳ ಮನೆಮಾತು ಕನ್ನಡವೇ ಆದರೂ ಪುಸ್ತಕದ ಕನ್ನಡದಿಂದ ಅದು ದೂರ. ಅವರ ಮಾತನ್ನು ತಪ್ಪು ಎಂದು ತಿದ್ದಿದರೆ ಮಗು ಎರಡನೇ ಸಲ ಬಾಯಿ ತೆರೆಯುವುದಿಲ್ಲ. ಅದನ್ನು ಆಮೇಲೆ ‘ಹಿಂಜರಿಕೆಯ ಸ್ವಭಾವ’ ಎಂದು ಕರೆಯುತ್ತಾರೆ.

ಶರಾವತಿ ತೀರದ ಶಿಕ್ಷಕಿ, ಹೊನ್ನಾವರ
ಮನೆಮಾತಿನ ವಿಷಯವನ್ನು ನಾನು ಈ ಕೋನದಿಂದ ಯೋಚಿಸಿರಲಿಲ್ಲ, ಎಲ್ಲರಿಗೂ ಧನ್ಯವಾದ. ಆದರೆ ಜಾಣೆ ಹುಡುಗಿಯ ವಿಚಾರ ಹಾಗೆಯೇ ಉಳಿದಿದೆ. ಅವಳಿಗೆ ಭಾಷೆಯ ತೊಂದರೆ ಇಲ್ಲ, ಇರುವುದು ತಪ್ಪಿನ ಭಯ. ಹೊಸ ಕಾರ್ಡನ್ನು ಮುಟ್ಟಿಸುವುದು ಹೇಗೆ?

ನಿವೃತ್ತ ಮುಖ್ಯಾಧ್ಯಾಪಕ, ಕಾರವಾರ
ನಲಿ-ಕಲಿಯೊಳಗೇ ಇದಕ್ಕೆ ಬೇಕಾದ ಸಲಕರಣೆ ಇದೆ ಎಂಬುದು ನನ್ನ ಗಟ್ಟಿ ಅಭಿಪ್ರಾಯ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಯುನಿಸೆಫ್ ನೆರವಿನಿಂದ ಅದು ಆರಂಭವಾದಾಗಿನ ಮೂಲ ಆಲೋಚನೆಯೇ ಪ್ರತಿ ಮಗು ತನ್ನ ವೇಗದಲ್ಲಿ ಏಣಿ ಹತ್ತಲಿ ಎಂಬುದು. ನಾಪಾಸು ಎಂಬುದಿಲ್ಲದೆ, ಬಿಟ್ಟ ಮೈಲಿಗಲ್ಲಿನಿಂದಲೇ ಮಗು ಮುಂದುವರಿಯುತ್ತದೆ. ಆದರೆ ನಾವು ಏನು ಮಾಡಿದೆವು? ಯಾರು ಯಾವ ಮೆಟ್ಟಿಲಿನಲ್ಲಿದ್ದಾರೆ ಎಂದು ಹೋಲಿಸಿ, ಏಣಿಯನ್ನೇ ಓಟದ ಪಂದ್ಯ ಮಾಡಿದೆವು.

ಆ ಹುಡುಗಿಗೆ ಹೀಗೆ ಮಾಡಿ ನೋಡಿ. ಹೊಸ ಕಾರ್ಡಿನ ಕೆಲಸಕ್ಕೆ ಅವಳನ್ನು ಒಂಟಿಯಾಗಿ ಕೂರಿಸದೆ, ಮೊದಲ ತಟ್ಟೆಯಲ್ಲಿ, ಅಂದರೆ ಶಿಕ್ಷಕರ ಪೂರ್ಣ ಸಹಾಯದ ಗುಂಪಿನಲ್ಲಿ ನಿಮ್ಮ ಪಕ್ಕಕ್ಕೆ ಕೂರಿಸಿಕೊಳ್ಳಿ. ಸರಿಯೋ ತಪ್ಪೋ ಎಂದು ಹೇಳುವ ಮೊದಲು ‘ಇದನ್ನು ಹೇಗೆ ಮಾಡಿದೆ, ಹೇಳು’ ಎಂದು ಕೇಳಿ. ಸರಿಯಾಗಿ ಮಾಡಿದಾಗಲೂ ಅದನ್ನೇ ಕೇಳಬೇಕು. ತಪ್ಪಿದಾಗ ಮಾತ್ರ ಕೇಳಿದರೆ ಆ ಪ್ರಶ್ನೆಯೇ ತಪ್ಪಿನ ಗುರುತಾಗಿಬಿಡುತ್ತದೆ.

ಒಂದು ಉದಾಹರಣೆ ಕೊಡುತ್ತೇನೆ. 52ರಲ್ಲಿ 37 ಕಳೆಯಲು ಹೇಳಿದರೆ ಅನೇಕ ಮಕ್ಕಳು 25 ಎಂದು ಬರೆಯುತ್ತಾರೆ. ಕೆಂಪು ಶಾಯಿಯಲ್ಲಿ ಗೀಟು ಎಳೆದು 15 ಎಂದು ಬರೆದುಕೊಟ್ಟರೆ ಪಾಠ ಅಲ್ಲಿಗೆ ಮುಗಿಯಿತು. ಹೇಗೆ ಮಾಡಿದೆ ಎಂದು ಕೇಳಿದರೆ ಮಗು ಹೇಳುತ್ತದೆ: ‘ಎರಡರಲ್ಲಿ ಏಳು ಹೋಗುವುದಿಲ್ಲ, ಅದಕ್ಕೇ ಏಳರಲ್ಲಿ ಎರಡು ಕಳೆದೆ.’ ಅಂದರೆ ಮಗು ಯೋಚಿಸಿದೆ, ದೊಡ್ಡದರಿಂದ ಸಣ್ಣದನ್ನು ಕಳೆಯಬೇಕೆಂಬ ನಿಯಮವನ್ನು ತಪ್ಪು ಜಾಗದಲ್ಲಿ ಹಿಡಿದಿದೆ. ಆಗ ಹತ್ತು ಹತ್ತು ಕಡ್ಡಿಗಳ ಐದು ಕಟ್ಟು ಮತ್ತು ಎರಡು ಬಿಡಿ ಕಡ್ಡಿಗಳನ್ನು ಮುಂದಿಟ್ಟು, ಏಳು ಬಿಡಿ ಕಡ್ಡಿ ಕೊಡು ಎನ್ನಬೇಕು. ಕಟ್ಟು ಬಿಚ್ಚಬೇಕೆಂದು ಅದರ ಕೈಗೇ ತಿಳಿಯುತ್ತದೆ. ಹಳೆಯ 25ನ್ನು ಅಳಿಸದೆ ಪಕ್ಕದಲ್ಲಿ 15 ಬರೆಯಲಿ. ‘ನೀನು ಕಟ್ಟು ಬಿಚ್ಚಿದ್ದರಿಂದ ಸರಿಯಾಯಿತು’ ಎಂಬ ಒಂದು ಮಾತು ಸಾಕು, ಬೇರೆ ಹೊಗಳಿಕೆ ಬೇಡ.

ತಾಯಿ, ಶಿರಸಿ
ಅಳಿಸಬಾರದು ಎನ್ನುವುದನ್ನು ಮಾತ್ರ ನಾನು ಒಪ್ಪಲಾರೆ. ನನ್ನ ಮಗಳ ಶಾಲೆಯಲ್ಲಿ ನೋಟುಪುಸ್ತಕದ ಅಂದಕ್ಕೇ ಅಂಕವಿದೆ. ತಪ್ಪು ಕಾಣುವಂತೆ ಬಿಟ್ಟು ಬಂದರೆ ‘ಅಚ್ಚುಕಟ್ಟಿಲ್ಲ’ ಎಂದು ಷರಾ ಬರೆದು ಕಳಿಸುತ್ತಾರೆ. ಮಗಳು ರಬ್ಬರಿನಿಂದ ಉಜ್ಜಿ ಉಜ್ಜಿ ಹಾಳೆಯನ್ನೇ ಹರಿದು ಅತ್ತಿದ್ದಾಳೆ. ಶಾಲೆಯ ರೀತಿ ಬದಲಾಗದೆ ಮನೆಯಲ್ಲಿ ನಾವು ತಪ್ಪು ಒಳ್ಳೆಯದು ಎಂದರೆ ಮಗು ಯಾರನ್ನು ನಂಬಬೇಕು?

ಗಣಿತ ಮಾಸ್ತರ, ಕುಮಟಾ
ಈ ತಾಯಿಯವರ ಮಾತು ಸರಿಯಾಗಿದೆ. ಮಗು ಗೋಡೆಬರಹವನ್ನು ನಂಬುವುದಿಲ್ಲ, ಷರಾವನ್ನು ನಂಬುತ್ತದೆ. ಹಾಗೆಂದು ತಪ್ಪನ್ನು ಒಳ್ಳೆಯದು ಎನ್ನುವುದೂ ಸುಳ್ಳು. ತಪ್ಪು ತಪ್ಪೇ, ಅದನ್ನು ತಿದ್ದಿಕೊಳ್ಳಲು ಅವಕಾಶವಿದೆ ಎಂಬುದಷ್ಟೇ ಸತ್ಯ. ಕಡ್ಡಿಯ ಕಟ್ಟು ಬಿಚ್ಚಿಸುವುದು ಸರಿಯಾದ ಬೋಧನೆ, ಅದಕ್ಕೆ ಮನೋಭಾವದ ಹೆಸರು ಏಕೆ ಬೇಕು ಎಂದು ನನಗೆ ಅರ್ಥವಾಗುವುದಿಲ್ಲ.

ಮನಃಶಾಸ್ತ್ರ ಉಪನ್ಯಾಸಕಿ, ಶಿರಸಿ
ಡ್ವೆಕ್ ಅವರೇ 2015ರಲ್ಲಿ ಹೆಚ್ಚುಕಡಿಮೆ ಇದೇ ಎಚ್ಚರಿಕೆಯನ್ನು ಕೊಟ್ಟಿದ್ದಾರೆ. ಕಲಿಕೆ ಆಗದೆ ಬರೀ ಪ್ರಯತ್ನವನ್ನು ಹೊಗಳಿ ಮಗುವನ್ನು ಸಮಾಧಾನಪಡಿಸುವುದು ತಮ್ಮ ಆಲೋಚನೆಯಲ್ಲ, ಸಿಕ್ಕಿಕೊಂಡಾಗ ಹೊಸ ಉಪಾಯವನ್ನು ಹುಡುಕುವುದು ಮತ್ತು ಸಹಾಯ ಕೇಳುವುದೂ ಅದರಲ್ಲಿ ಸೇರಿದೆ ಎಂದು ಅವರು ವಿವರಿಸಿದರು. ಹೆಸರು ಬೇಕೇ ಬೇಡವೇ ಎಂಬುದನ್ನು ಬಿಡೋಣ. ಆದರೆ ಕಡ್ಡಿ ಬಿಚ್ಚಿಸುವ ತಾಳ್ಮೆ ಶಿಕ್ಷಕರಿಗೆ ಬರಬೇಕಾದರೆ, ಈ ಮಗುವಿಗೆ ಕಲಿಯಲು ಸಾಧ್ಯ ಎಂದು ಅವರು ಮೊದಲು ನಂಬಿರಬೇಕಲ್ಲವೇ, ಮಾಸ್ತರರೇ?

ಚಂಡೆಮದ್ದಳೆ, ಸಿದ್ದಾಪುರ
ನಾನು ಶಾಲಾ ಶಿಕ್ಷಕನಲ್ಲ, ರಜೆಯಲ್ಲಿ ಮಕ್ಕಳಿಗೆ ಯಕ್ಷಗಾನದ ಹೆಜ್ಜೆ ಹೇಳಿಕೊಡುತ್ತೇನೆ. ಶಾಲೆಯಲ್ಲಿ ‘ಬರುವುದಿಲ್ಲ’ ಎಂದು ಕೂರುವ ಮಕ್ಕಳೇ ನನ್ನ ಬಳಿ ಒಂದೇ ಹೆಜ್ಜೆಯನ್ನು ಹತ್ತಾರು ಸಲ ತಪ್ಪಿ ಮತ್ತೆ ಕುಣಿಯುತ್ತಾರೆ. ಏಕೆಂದು ಯೋಚಿಸಿದ್ದೇನೆ. ಇಲ್ಲಿ ಮೊದಲು ಬಾಯಲ್ಲಿ ಬಾಯಿತಾಳ ಹೇಳಿ, ಕೈಯಲ್ಲಿ ತಾಳ ಹಾಕಿ, ಬಳಿಕವೇ ಕಾಲಿಗೆ ತರುತ್ತೇವೆ. ತಪ್ಪಿದರೆ ಎಲ್ಲಿ ತಪ್ಪಿತೆಂದು ಆ ಕ್ಷಣವೇ ಗೊತ್ತಾಗುತ್ತದೆ, ಅಲ್ಲಿಂದಲೇ ಮತ್ತೆ ಎತ್ತಿಕೊಳ್ಳುತ್ತೇವೆ. ನಿನ್ನೆ ಬಾರದವನಿಗೆ ಇಂದು ಬಂದದ್ದನ್ನು ಪಕ್ಕದವನೂ ನೋಡಿರುತ್ತಾನೆ. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಮೇಳ ಕಟ್ಟಿದ ಜಿಲ್ಲೆ ಇದು, ಕಲಿಸಿದರೆ ಬರುತ್ತದೆ ಎಂಬುದನ್ನು ನಮ್ಮ ಮಕ್ಕಳು ರಂಗಸ್ಥಳದಲ್ಲಿ ದಿನವೂ ನೋಡಬಹುದು.

ಅಂಕೋಲೆಯವ
ಹಳೆಯ ಕಾಲದಲ್ಲಿ ತಾಳ ತಪ್ಪಿದವರ ಕಾಲಿಗೆ ಪೆಟ್ಟು ಬೀಳುತ್ತಿತ್ತು ಎಂಬುದನ್ನೂ ಹೇಳಬೇಕು. ಪೆಟ್ಟಿಗೆ ಹೆದರಿ ಬಿಟ್ಟುಹೋದವರ ಲೆಕ್ಕವನ್ನು ಯಾರೂ ಇಡಲಿಲ್ಲ.

ಚಂಡೆಮದ್ದಳೆ, ಸಿದ್ದಾಪುರ
ಅದನ್ನು ಅಲ್ಲಗಳೆಯುವುದಿಲ್ಲ. ಪೆಟ್ಟನ್ನು ಬಿಟ್ಟು ಕ್ರಮವನ್ನು ಮಾತ್ರ ಉಳಿಸಿಕೊಂಡರೆ ಸಾಕು ಎಂಬುದು ನನ್ನ ನಿಲುವು.

ಅಂಗನವಾಡಿ ಕಾರ್ಯಕರ್ತೆ, ಭಟ್ಕಳ
ಮಕ್ಕಳಿಗೆ ನಮ್ಮ ಜಿಲ್ಲೆಯವರ ಕಥೆ ಹೇಳಬಹುದಲ್ಲವೇ? ಅಂಕೋಲಾ ತಾಲೂಕಿನ ಹೊನ್ನಳ್ಳಿಯ ತುಳಸಿ ಗೌಡರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಅರಣ್ಯ ಇಲಾಖೆಯ ಸಸ್ಯಪಾಲನಾ ಕ್ಷೇತ್ರದಲ್ಲಿ ದಶಕಗಳ ಕಾಲ ದುಡಿದು, ಬೀಜ ಮತ್ತು ಸಸಿಗಳ ಬಗ್ಗೆ ಓದಿದವರೂ ಬೆರಗಾಗುವಷ್ಟು ತಿಳಿದುಕೊಂಡರು, ಪದ್ಮಶ್ರೀ ಪಡೆದರು.

ಅಂಕೋಲೆಯವ
ನಮ್ಮ ತಾಲೂಕಿನವರೆಂದು ನನಗೂ ಹೆಮ್ಮೆ. ಆದರೆ ‘ಅವರು ಶಾಲೆ ಇಲ್ಲದೆ ಸಾಧಿಸಿದರು, ನೀವೇಕೆ ಸಾಧಿಸಬಾರದು’ ಎಂಬ ಧಾಟಿಯಲ್ಲಿ ಹೇಳಬೇಡಿ. ಬಡತನದಿಂದ ಶಾಲೆ ತಪ್ಪಿದ್ದು ಒಂದು ಅನ್ಯಾಯ, ಅದನ್ನು ಆದರ್ಶವೆಂಬಂತೆ ತೋರಿಸಬಾರದು. ಬೀಜವನ್ನು ಯಾವಾಗ ಆಯಬೇಕು, ಯಾವುದು ಮೊಳೆಯುತ್ತದೆ ಎಂಬುದನ್ನು ಅವರು ವರ್ಷಗಟ್ಟಲೆ ನೋಡಿ, ಮಾಡಿ ಕಲಿತರು ಎಂದು ಹೇಳಿ. ಮಕ್ಕಳು ಸಸಿ ನೆಟ್ಟು ಅದನ್ನೇ ಮಾಡಿ ನೋಡಬಹುದು.

ತಾಯಿ, ಶಿರಸಿ
ಪಾಲಕರ ವಿಷಯ ಯಾರೂ ಎತ್ತಲಿಲ್ಲ. ‘ಅಕ್ಕ ಜಾಣೆ, ತಂಗಿ ಅಷ್ಟಕ್ಕಷ್ಟೇ’ ಎಂಬ ಮಾತು ಊಟದ ಹೊತ್ತಿನಲ್ಲಿ, ಮದುವೆಮನೆಯಲ್ಲಿ, ಮಕ್ಕಳ ಎದುರೇ ನಡೆಯುತ್ತದೆ. ಹತ್ತನೇ ತರಗತಿಯ ಫಲಿತಾಂಶ ಬಂದರೆ ಸರ್ಕಲ್ಲಿನಲ್ಲಿ ಹೆಚ್ಚು ಅಂಕ ಪಡೆದವರ ಫ್ಲೆಕ್ಸ್ ಏಳುತ್ತದೆ, ಒಂದನೇ ತರಗತಿಯ ಮಗುವೂ ಅದನ್ನು ನೋಡುತ್ತಲೇ ಶಾಲೆಗೆ ಹೋಗುತ್ತದೆ.

ಮನಃಶಾಸ್ತ್ರ ಉಪನ್ಯಾಸಕಿ, ಶಿರಸಿ
2016ರಲ್ಲಿ ಕೈಲಾ ಹೈಮೊವಿಟ್ಜ್ ಮತ್ತು ಡ್ವೆಕ್ ಪ್ರಕಟಿಸಿದ ಅಧ್ಯಯನ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಬುದ್ಧಿ ಬೆಳೆಯುತ್ತದೆ ಎಂದು ಪಾಲಕರು ಒಳಗೆ ನಂಬಿದ್ದರೂ ಮಕ್ಕಳಿಗೆ ಅದು ಕಾಣಿಸುವುದಿಲ್ಲ, ಸೋಲನ್ನು ಪಾಲಕರು ಹೇಗೆ ಎದುರಿಸುತ್ತಾರೆ ಎಂಬುದು ಕಾಣಿಸುತ್ತದೆ ಎಂದು ಅದರಲ್ಲಿ ಕಂಡುಬಂತು. ಕಡಿಮೆ ಅಂಕ ನೋಡಿದಾಗ ಮುಖ ಬಾಡಿಸಿ ‘ಇರಲಿ ಬಿಡು’ ಎಂದು ಸಂತೈಸುವ ತಾಯಿಯ ಮಗುವೂ ತನ್ನಿಂದ ಆಗದು ಎಂದುಕೊಳ್ಳಬಹುದು. ‘ಯಾವುದು ತಿಳಿಯಲಿಲ್ಲ, ತೋರಿಸು’ ಎಂದು ಪಕ್ಕದಲ್ಲಿ ಕೂರುವುದು ಬೇರೆಯ ಪಾಠವನ್ನೇ ಹೇಳುತ್ತದೆ.

ಶರಾವತಿ ತೀರದ ಶಿಕ್ಷಕಿ, ಹೊನ್ನಾವರ
ಪಾಲಕರ ಸಭೆಯಲ್ಲಿ ಇದನ್ನು ಭಾಷಣವಾಗಿ ಹೇಳಿದರೆ ಯಾರೂ ಕೇಳುವುದಿಲ್ಲ. ಮೀನುಗಾರಿಕೆಗೆ ಹೋಗುವವರು, ಕೂಲಿಗೆ ಹೋಗುವವರು ಅರ್ಧ ಗಂಟೆ ಬಿಡುವು ಮಾಡಿಕೊಂಡು ಬಂದಿರುತ್ತಾರೆ.

ನಿವೃತ್ತ ಮುಖ್ಯಾಧ್ಯಾಪಕ, ಕಾರವಾರ
ಭಾಷಣ ಬೇಡ. ಜೂನ್ ತಿಂಗಳ ಒಂದು ಹಾಳೆ, ನವೆಂಬರ್ ತಿಂಗಳ ಒಂದು ಹಾಳೆ, ಎರಡನ್ನೂ ಅಕ್ಕಪಕ್ಕ ಇಟ್ಟು ಅವರ ಮಗುವಿನಿಂದಲೇ ಓದಿಸಿ. ಪಕ್ಕದ ಮನೆಯ ಮಗುವಿನ ಹಾಳೆಯನ್ನು ತೋರಿಸಬೇಡಿ.

ಕಾಳಿ ಕಣಿವೆಯ ಏಕೋಪಾಧ್ಯಾಯ, ಜೋಯಿಡಾ
ಎಲ್ಲವೂ ಒಪ್ಪುವ ಮಾತೇ. ಆದರೆ ಎಲ್ಲ ತರಗತಿಗಳೂ ನನ್ನೊಬ್ಬನದೇ, ಬಿಸಿಯೂಟದ ಲೆಕ್ಕವೂ ನನ್ನದೇ. ಪ್ರತಿ ಮಗುವಿಗೂ ‘ಹೇಗೆ ಮಾಡಿದೆ’ ಎಂದು ಕೇಳಿ ಉತ್ತರ ಕೇಳಿಸಿಕೊಳ್ಳುತ್ತ ಕುಳಿತರೆ ಉಳಿದವರ ಗತಿಯೇನು?

ಗಣಿತ ಮಾಸ್ತರ, ಕುಮಟಾ
ಪ್ರತಿ ದಿನ ಪ್ರತಿ ಮಗುವನ್ನು ಕೇಳಬೇಕಾಗಿಲ್ಲ. ಒಂದು ದಿನಕ್ಕೆ ಇಬ್ಬರು ಸಾಕು, ಯಾರನ್ನು ಕೇಳಿದಿರಿ ಎಂದು ಹಾಜರಿ ಪುಸ್ತಕದ ಹಿಂದಿನ ಪುಟದಲ್ಲಿ ಗುರುತು ಹಾಕಿಕೊಳ್ಳಿ, ಇಲ್ಲವಾದರೆ ಕೈಯೆತ್ತುವವರನ್ನೇ ಮತ್ತೆ ಮತ್ತೆ ಕೇಳುವುದಾಗುತ್ತದೆ. ಮೂರನೇ ತರಗತಿಯ ಮಗು ಎರಡನೇ ತರಗತಿಯ ಮಗುವಿಗೆ ಕಡ್ಡಿಯ ಲೆಕ್ಕ ಹೇಳಿಕೊಡಲಿ, ನಲಿ-ಕಲಿಯ ಮೂರನೇ ತಟ್ಟೆ ಇರುವುದೇ ಅದಕ್ಕೆ. ಆದರೆ ಹೇಳಿಕೊಡುವ ಕೆಲಸಕ್ಕೆ ಯಾವಾಗಲೂ ಜಾಣರೆನಿಸಿಕೊಂಡವರನ್ನೇ ಆರಿಸಬೇಡಿ, ಆ ಕಳೆಯುವ ಲೆಕ್ಕದಲ್ಲಿ ಕಳೆದ ವಾರ ತಾನೇ ಸಿಕ್ಕಿಕೊಂಡು ಹೊರಬಂದ ಮಗುವನ್ನು ಕೂರಿಸಿ. ಎಲ್ಲಿ ಸಿಕ್ಕಿಕೊಳ್ಳುತ್ತದೆ ಎಂಬುದು ಅದಕ್ಕೆ ಇನ್ನೂ ನೆನಪಿರುತ್ತದೆ.